ಹಿಮ ನೋಡಲು ಹೊರಟಿದ್ದೀರಾ? ಥಂಡಿಗಿಂತ ಮೊದಲು ಎತ್ತರ ಕೇಳಿ

ದೀಪಾವಳಿ ಮುಗಿದು ಕ್ರಿಸ್‌ಮಸ್ ರಜೆ ಹತ್ತಿರವಾದಂತೆ ಕಲಬುರಗಿಯ ನನ್ನ ದವಾಖಾನೆಯಲ್ಲಿ ಈ ಮಾತು ಪದೇ ಪದೇ ಕೇಳಿಬರುತ್ತದೆ: "ಸಾಹೇಬ್ರ, ಮನ್ಯಾಗಿನ ಮಂದಿಯೆಲ್ಲಾ ಕಾಶ್ಮೀರಕ್ಕ ಹೊಂಟೀವಿ, ಥಂಡಿಗೆ ಏನಾರ ಗುಳಿಗಿ ಬರದು ಕೊಡ್ರಿ." ನಮ್ಮ ಬಿಸಿಲಲ್ಲಿ ಬೆಳೆದವರಿಗೆ ಹಿಮ ಅಂದ ಕೂಡಲೇ ಥಂಡಿಯ ಭಯ ಹುಟ್ಟುವುದು ಸಹಜ. ಆದರೆ ಥಂಡಿಗೆ ಸ್ವೆಟರ್ ಇದೆ, ಜಾಕೆಟ್ ಇದೆ. ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಎತ್ತರಕ್ಕೆ ಹೋಗ್ತೀರಿ? ರಾತ್ರಿ ಎಲ್ಲಿ ಮಲಗ್ತೀರಿ?

ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ. ಯಾದಗಿರಿ ಇನ್ನೂ ಕೆಳಗೆ. ಬೀದರ್ 700 ಮೀಟರ್ ಆಸುಪಾಸು. ಶ್ರೀನಗರ ಸುಮಾರು 1,600 ಮೀಟರ್, ಮನಾಲಿ 2,000 ಮೀಟರ್, ಗುಲ್ಮಾರ್ಗ್ 2,650 ಮೀಟರ್. ಗುಲ್ಮಾರ್ಗಿನ ಗೊಂಡೋಲಾಕ್ಕೆ, ಅಂದರೆ ತಂತಿಯ ಮೇಲೆ ಸಾಗುವ ರೋಪ್‌ವೇಗೆ, ಎರಡು ಹಂತ. ಮೊದಲನೆಯದು ಕೊಂಗ್‌ದೂರಿಯವರೆಗೆ, 3,000 ಮೀಟರಿಗೆ ಸ್ವಲ್ಪ ಮೇಲೆ. ಎರಡನೆಯದು ಅಫರ್ವತ್ ಬೆಟ್ಟದ ಮೇಲಕ್ಕೆ, 4,000ಕ್ಕೆ ಸ್ವಲ್ಪವೇ ಕಡಿಮೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು 60 ಶೇಕಡಾ ಮಾತ್ರ. ಗಾಳಿಯಲ್ಲಿ ಆಕ್ಸಿಜನ್ ಪಾಲು ಅಲ್ಲಿಯೂ 21 ಶೇಕಡಾವೇ. ಆದರೆ ಗಾಳಿಯೇ ತೆಳುವಾಗಿರುವುದರಿಂದ ಒಂದೊಂದು ಉಸಿರಿನಲ್ಲೂ ಒಳಗೆ ಹೋಗುವ ಆಕ್ಸಿಜನ್ ಕಡಿಮೆ.

"ವಿಮಾನ ಬ್ಯಾಡ, ಕರ್ನಾಟಕ ಎಕ್ಸ್‌ಪ್ರೆಸ್‌ದಾಗ ನಿಧಾನ ಹೋಗ್ತೀವಿ, ಮೈ ಹೊಂದ್ಕೋತದ" ಎನ್ನುವವರೂ ಇದ್ದಾರೆ. ದೆಹಲಿ ನಮ್ಮ ಊರಿಗಿಂತ ತಗ್ಗಿನಲ್ಲಿದೆ. ಅಲ್ಲಿಯವರೆಗಿನ ರೈಲು ಪ್ರಯಾಣದಿಂದ ಎತ್ತರದ ಅಭ್ಯಾಸ ಒಂದಿಷ್ಟೂ ಆಗುವುದಿಲ್ಲ. ಮೈ ಹೊಂದಿಕೊಳ್ಳುವುದು ಎತ್ತರದಲ್ಲಿ ರಾತ್ರಿ ಕಳೆದಾಗ.

ಎತ್ತರದಿಂದ ಬರುವ ತೊಂದರೆ ಎರಡು ಬಗೆಯದು. ಅವೆರಡನ್ನೂ ಕಲಸಿಕೊಂಡರೆ ಮುಂಜಾಗ್ರತೆಯೂ ತಪ್ಪುತ್ತದೆ.

ಒಂದು, ನಿಧಾನಕ್ಕೆ ಬರುವುದು. 2,500 ಮೀಟರ್ ಮೇಲೆ ಹೋದ 6ರಿಂದ 12 ಗಂಟೆಯೊಳಗೆ ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು, ನಿದ್ದೆ ಬಾರದಿರುವುದು. ಇದು ನೀವು ಮಲಗುವ ಎತ್ತರಕ್ಕೆ ಸಂಬಂಧಿಸಿದ್ದು. ಗೊಂಡೋಲಾದಲ್ಲಿ ಮೇಲೆ ಹೋಗಿ, ಒಂದು ತಾಸು ಫೋಟೋ ತೆಗೆದುಕೊಂಡು ಇಳಿಯುವ ಆರೋಗ್ಯವಂತರಿಗೆ ಇದರ ಕಾಟ ಕಡಿಮೆ. ವಿಮಾನದಲ್ಲಿ ನೇರ ಲೇಹ್‌ಗೆ ಇಳಿದು 3,500 ಮೀಟರಿನಲ್ಲಿ ಮಲಗುವವರಿಗೆ ಜಾಸ್ತಿ. ಲೇಹ್‌ನಲ್ಲಿ ಮೊದಲ ಎರಡು ದಿನ ಹೋಟೆಲಿನ ಸುತ್ತಮುತ್ತ ಇದ್ದುಬಿಡಿ ಎಂದು ಹೇಳುವುದು ಅದಕ್ಕೇ. ಎಳೆ ಮಕ್ಕಳು, ಅಜ್ಜ ಅಜ್ಜಿ ಇರುವ ಮನೆಯವರಿಗೆ ಚಳಿಗಾಲದ ಮೊದಲ ಪ್ರವಾಸಕ್ಕೆ ನಾನು ಲೇಹ್ ಬೇಡ ಎಂದೇ ಹೇಳುತ್ತೇನೆ.

ಇನ್ನೊಂದು, ಹತ್ತಿದ ಕೂಡಲೇ ಬರುವುದು. ಹೃದಯದ ರಕ್ತನಾಳ ಕಿರಿದಾದವರು, ಹಳೇ ದಮ್ಮು ಇರುವವರು, ರಕ್ತ ಕಡಿಮೆ ಇರುವವರು ಇವರಿಗೆ ಆ ಒಂದು ತಾಸೇ ಸಾಕು. ಆಕ್ಸಿಜನ್ ಕಡಿಮೆಯಾದಾಗ ಹೃದಯ ಜೋರಾಗಿ ಬಡಿದು ಕೊರತೆ ತುಂಬಲು ನೋಡುತ್ತದೆ. ಥಂಡಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ. ಅದರ ಮೇಲೆ ಬಾಡಿಗೆಯ ಭಾರದ ಕೋಟು, ಗಮ್‌ಬೂಟು ಹಾಕಿಕೊಂಡು ಮೊಣಕಾಲುದ್ದದ ಹಿಮದಲ್ಲಿ ಏರು ಹತ್ತುವುದು. ಕುಟುಂಬದ ಜೊತೆ ಖುಷಿಯಲ್ಲಿರುವಾಗ ಅದು ಶ್ರಮ ಅಂತ ಅನ್ನಿಸುವುದೇ ಇಲ್ಲ. ಎದೆ ಬಿಗಿದರೂ ಗ್ಯಾಸ್ ಅಂದುಕೊಂಡು ಸುಮ್ಮನಾಗುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು, ನಡೆಯುವಾಗ ಎದೆ ಹಿಡಿಯುವವರು ಟಿಕೆಟ್ ಮಾಡಿಸುವ ಮುಂಚೆಯೇ ತಮ್ಮ ಹೃದಯದ ಡಾಕ್ಟರನ್ನು ಕೇಳಬೇಕು. ಬಹಳ ಮಂದಿಗೆ ಮೊದಲ ಹಂತವೇ ಸಾಕು. ಕೊಂಗ್‌ದೂರಿಯಲ್ಲೂ ಬೇಕಾದಷ್ಟು ಹಿಮ ಇರುತ್ತದೆ.

ಊರಲ್ಲೇ ಮಾಡಿಕೊಳ್ಳಬಹುದಾದ ಪರೀಕ್ಷೆ ಒಂದಿದೆ. ಯಾದಗಿರಿ ಕೋಟೆ ಹತ್ತಿ ನೋಡಿ. ಮಾತಾಡುತ್ತಾ, ಎದೆ ಹಿಡಿಯದೆ, ಅಲ್ಲಲ್ಲಿ ಕೂರದೆ ಮೇಲೆ ಮುಟ್ಟಿದರೆ ಒಳ್ಳೆಯದು. ಅರ್ಧಕ್ಕೇ ಏದುಸಿರು ಬಂದರೆ ಮೊದಲು ಹಿಮೋಗ್ಲೋಬಿನ್, ಇಸಿಜಿ ಮಾಡಿಸಿ. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ತೀರಾ ಸಾಮಾನ್ಯ. ಅವರು ಮನೆಗೆಲಸದಲ್ಲಿ ಅದನ್ನು ನುಂಗಿಕೊಂಡಿರುತ್ತಾರೆ. ಬೆಟ್ಟದ ಮೇಲೆ ನುಂಗಿಕೊಳ್ಳಲು ಆಗುವುದಿಲ್ಲ. ಇದಕ್ಕೆ ಎರಡು ಮೂರು ತಿಂಗಳು ಮೊದಲೇ ಔಷಧ ಶುರು ಮಾಡಬೇಕು, ಹೊರಡುವ ವಾರದಲ್ಲಿ ಅಲ್ಲ.

ಪ್ಯಾಕೇಜ್ ಟೂರಿನವರು ದಿನ ಉಳಿಸಲು ಶ್ರೀನಗರದಲ್ಲಿ ಇಳಿದ ದಿನವೇ ಗುಲ್ಮಾರ್ಗಿಗೆ ಕರೆದೊಯ್ದು ಮರುದಿನ ಬೆಳಿಗ್ಗೆಯೇ ಎರಡನೇ ಹಂತ ಹತ್ತಿಸುತ್ತಾರೆ. ಮೊದಲ ರಾತ್ರಿ ಶ್ರೀನಗರ, ಎರಡನೇ ರಾತ್ರಿ ಗುಲ್ಮಾರ್ಗ್, ಮೂರನೇ ದಿನ ಮೇಲೆ. ಹೀಗೆ ಬದಲಾಯಿಸಿ ಕೊಡಿ ಎಂದು ಕೇಳಿ. ಈ ಕ್ರಮದಲ್ಲಿ ಹೋದರೆ ಆರೋಗ್ಯವಂತರಿಗೆ ಗುಳಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅಸಿಟಜೋಲಮೈಡ್, ಅಂದರೆ ಡೈಮಾಕ್ಸ್, ನೇರ ಲೇಹ್‌ಗೆ ಹಾರುವಂಥವರಿಗೆ ಉಪಯೋಗ. ಹಿಂದಿನ ದಿನವೇ ಶುರು ಮಾಡಬೇಕು. ಬೆರಳು ಜುಮುಗುಡುತ್ತವೆ, ಮೂತ್ರ ಜಾಸ್ತಿ ಬರುತ್ತದೆ. ಸಲ್ಫಾ ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರಿಗೆ ತಿಳಿಸದೆ ಮುಟ್ಟಬಾರದು. ಒಬ್ಬರಿಗೆ ಬರೆದದ್ದನ್ನು ಬಸ್ಸಿನವರೆಲ್ಲ ಹಂಚಿಕೊಂಡು ನುಂಗಬೇಡಿ.

ಕೊರೋನಾ ಕಾಲದ ಆಕ್ಸಿಮೀಟರ್ ಇದ್ದರೆ ಒಯ್ಯಿರಿ. ಇಲ್ಲಿ 98 ತೋರಿಸುವುದು ಗುಲ್ಮಾರ್ಗಿನಲ್ಲಿ 92ರ ಆಸುಪಾಸು ತೋರಿಸಿದರೆ ಗಾಬರಿ ಬೇಡ. ಬೆರಳು ತಣ್ಣಗಿದ್ದರೂ ಅಂಕಿ ತಪ್ಪು ಬರುತ್ತದೆ. ಅಂಕಿಗಿಂತ ಮನುಷ್ಯನನ್ನು ನೋಡಿ. ಸುಮ್ಮನೆ ಕೂತಿದ್ದರೂ ಉಸಿರು ಸಾಲುತ್ತಿಲ್ಲ, ಕೆಮ್ಮಿನಲ್ಲಿ ನೊರೆ, ಕುಡಿದವರಂತೆ ತೂರಾಡುವುದು, ಮಾತು ತಪ್ಪುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಸಿ. ಗುಲ್ಮಾರ್ಗಿನಿಂದ ತಂಗಮಾರ್ಗ್, ಅಲ್ಲಿಂದ ಶ್ರೀನಗರದ ಆಸ್ಪತ್ರೆ. ಅಂಗಡಿಯಲ್ಲಿ ಮಾರುವ ಆಕ್ಸಿಜನ್ ಡಬ್ಬಿ ಕೆಲವೇ ನಿಮಿಷದ್ದು. ಅದನ್ನು ನಂಬಿ ಮೇಲೆಯೇ ಉಳಿಯಬಾರದು.

ಈಗ ಥಂಡಿ. ಜನವರಿಯಲ್ಲಿ ಗುಲ್ಮಾರ್ಗಿನ ರಾತ್ರಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತದೆ. ಡಿಸೆಂಬರ್ 21ರಿಂದ ಶುರುವಾಗುವ 40 ದಿನಗಳ ಕಡು ಚಳಿಗೆ ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುತ್ತಾರೆ. ಮೈಗೆ ಹತ್ತುವ ಮೊದಲ ಬಟ್ಟೆ ಹತ್ತಿಯದಾಗದಿರಲಿ. ಬೆವರಿಗೆ ಒದ್ದೆಯಾದರೆ ಆರುವುದಿಲ್ಲ. ಥಂಡಿಗೆ ಅಂತ ರಮ್ ಬೇಡ. ಒಳಗೆ ಬೆಚ್ಚಗೆ ಅನ್ನಿಸಿದರೂ ಚರ್ಮದ ಮೂಲಕ ಮೈಯ ಕಾವು ಹೊರಗೆ ಹೋಗುತ್ತದೆ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುವ ನಮ್ಮವರ ಪದ್ಧತಿ ಬಹಳ ಒಳ್ಳೆಯದು. ನೀರು ಕುಡಿಯುವುದನ್ನು ಮಾತ್ರ ಮರೆಯುತ್ತಾರೆ.

ನನಗೆ ನಿಜಕ್ಕೂ ಭಯವಿರುವುದು ಹೋಟೆಲ್ ಕೋಣೆಯ ಬಗ್ಗೆ. ಬಾಗಿಲು ಕಿಟಕಿ ಬಿಗಿಯಾಗಿ ಹಾಕಿ ಒಳಗೆ ಕೆಂಡದ ಒಲೆ, ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗುವುದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಉತ್ತರ ಭಾರತದಲ್ಲಿ ಚಳಿಗಾಲ ಬಂದರೆ ಇಂಥ ಸಾವುಗಳ ಸುದ್ದಿ ತಪ್ಪುವುದಿಲ್ಲ. ಇದರ ಲಕ್ಷಣವೂ ತಲೆನೋವು, ವಾಂತಿಯೇ. ಹಾಗಾಗಿ ಎತ್ತರದ್ದು ಎಂದು ತಪ್ಪು ತಿಳಿಯುತ್ತಾರೆ. ಒಂದೇ ಕೋಣೆಯ ಎಲ್ಲರಿಗೂ ಒಟ್ಟಿಗೆ ತಲೆ ನೋಯುತ್ತಿದ್ದರೆ ಮೊದಲು ಎಲ್ಲರೂ ಹೊರಗೆ ಬನ್ನಿ. ಮಲಗುವಾಗ ಒಲೆ ಹೊರಗಿಡಿ. ಕರೆಂಟಿನ ಹಾಸಿಗೆ ಹೊದಿಕೆ ಇರುವ ಹೋಟೆಲ್ ಕೇಳಿ ಪಡೆಯಿರಿ.

ನಮ್ಮಲ್ಲಿ ಇನ್ಸುಲಿನ್ನಿಗೆ ಬಿಸಿಲಿನ ಭಯ. ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಮಡಕೆಯಲ್ಲಿ ಇಡುತ್ತಾರೆ. ಅಲ್ಲಿ ಅದರ ಉಲ್ಟಾ, ಥಂಡಿಯ ಭಯ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಒಳಗಿನ ಜೇಬಿನಲ್ಲಿ, ಮೈಗೆ ಹತ್ತಿರ ಇಟ್ಟುಕೊಳ್ಳಿ. ವಿಮಾನದಲ್ಲಿ ಕೈಚೀಲದಲ್ಲಿಯೇ ಇರಲಿ. ಸಕ್ಕರೆ ನೋಡುವ ಮೀಟರ್ ಕೂಡ ಥಂಡಿಯಲ್ಲಿ ಕೈಕೊಡುತ್ತದೆ.

ಬಿಸಿಲಿನ ನಾಡಿನವರು ಹಿಮದ ಬಿಸಿಲನ್ನು ಲೆಕ್ಕಕ್ಕಿಡುವುದಿಲ್ಲ. ಹೊಸ ಹಿಮ ನೇರಳಾತೀತ ಕಿರಣದ 80 ಶೇಕಡಾದಷ್ಟನ್ನು ಮುಖಕ್ಕೇ ಹಿಂದಿರುಗಿಸುತ್ತದೆ. ಸಂಜೆ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿ. ಯುವಿ ತಡೆಯುವ ಕನ್ನಡಕ ಮಕ್ಕಳಿಗೂ ಕೊಡಿಸಿ.

ಸ್ಕೀ, ಅಂದರೆ ಬೂಟಿಗೆ ಉದ್ದನೆ ಪಟ್ಟಿ ಸಿಕ್ಕಿಸಿಕೊಂಡು ಹಿಮದ ಮೇಲೆ ಜಾರುವುದನ್ನು, ಕಲಿಯುವವರು ತರಬೇತುದಾರರ ಜೊತೆಗೇ ಇಳಿಯಿರಿ. ಸ್ಕೀ ಬಾಡಿಗೆಗೆ ಕೊಡುವವರಿಗೆ ನಿಜವಾದ ತೂಕ ಹೇಳಿ. ಬಿದ್ದಾಗ ಸ್ಕೀ ಬೂಟಿನಿಂದ ಕಳಚಿಕೊಳ್ಳುವ ಬಿಗಿತವನ್ನು ತೂಕ ನೋಡಿಯೇ ಹೊಂದಿಸುತ್ತಾರೆ. ಕಳಚದಿದ್ದರೆ ಮೊಣಕಾಲು ತಿರುಚುತ್ತದೆ. ಬಿದ್ದಾಗ ಟಪ್ ಎಂಬ ಸದ್ದು ಕೇಳಿ, ಕೆಲವೇ ತಾಸಿನಲ್ಲಿ ಮೊಣಕಾಲು ಊದಿದರೆ ಎಲುಬುಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್ ಹರಿದಿರಬಹುದು. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಊರಿಗೆ ಬಂದು ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳಬೇಡಿ. ಎಲುಬಿನ ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ಎಂಆರ್‌ಐ ಮಾಡಿಸಿ.