ಟೈಪ್-ಸಿ ಪೋರ್ಟ್ ಮಾತ್ರ ಇರುವ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಲು ಯಾವ ಕೇಬಲ್ ಬೇಕು?

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಪೋರ್ಟ್ ಇಲ್ಲ, ಎರಡು ಟೈಪ್-ಸಿ ಪೋರ್ಟುಗಳಿವೆ. ಮನೆಯಲ್ಲಿರುವುದು 43 ಇಂಚಿನ 4ಕೆ ಟಿವಿ. ಕೂರುವ ಜಾಗದಿಂದ ಅದಕ್ಕೆ ಸುಮಾರು ಹತ್ತು ಅಡಿ ದೂರ. ಅಂಗಡಿಯಲ್ಲಿ ಇನ್ನೂರು ರೂಪಾಯಿಯ ಕೇಬಲನ್ನೂ ತೋರಿಸುತ್ತಾರೆ, ಎರಡು ಸಾವಿರದ್ದನ್ನೂ ತೋರಿಸುತ್ತಾರೆ. ಯಾವುದನ್ನು ಕೊಳ್ಳಲಿ?

ಉತ್ತರ: ಕೇಬಲಿನ ಮಾತಿಗೆ ಮೊದಲು ನಿಮ್ಮ ಲ್ಯಾಪ್‌ಟಾಪಿನ ಆ ಎರಡು ಪೋರ್ಟುಗಳನ್ನು ಪರಿಶೀಲಿಸಬೇಕು. ಟೈಪ್-ಸಿ ಎಂಬುದು ಪೋರ್ಟಿನ ಆಕಾರಕ್ಕೆ ಇರುವ ಹೆಸರೇ ಹೊರತು ಅದು ಮಾಡುವ ಕೆಲಸಕ್ಕಲ್ಲ. ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಪೋರ್ಟುಗಳಲ್ಲಿ ಒಂದು ಚಾರ್ಜಿಂಗ್ ಮತ್ತು ಕಡತಗಳ ವರ್ಗಾವಣೆಗಷ್ಟೇ ಸೀಮಿತವಾಗಿದ್ದು, ಇನ್ನೊಂದು ಮಾತ್ರ ಚಿತ್ರವನ್ನು ಹೊರಗೆ ಕಳುಹಿಸುವಂತಿರಬಹುದು. ಕೆಲವು ಲ್ಯಾಪ್‌ಟಾಪುಗಳಲ್ಲಿ ಎರಡಕ್ಕೂ ಆ ಸಾಮರ್ಥ್ಯ ಇರುವುದಿಲ್ಲ. ಚಿತ್ರ ಹೊರಬರಬೇಕಾದರೆ ಆ ಪೋರ್ಟಿಗೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಸೌಲಭ್ಯ ಇರಬೇಕು, ಇಲ್ಲವೇ ಅದು ಥಂಡರ್‌ಬೋಲ್ಟ್ ಪೋರ್ಟ್ ಆಗಿರಬೇಕು. ಥಂಡರ್‌ಬೋಲ್ಟ್ ಆಗಿದ್ದರೆ ಸಾಮಾನ್ಯವಾಗಿ ಪಕ್ಕದಲ್ಲಿ ಬಾಣದ ತುದಿಯುಳ್ಳ ಮಿಂಚಿನ ಗುರುತು, ಡಿಸ್‌ಪ್ಲೇಪೋರ್ಟ್ ಆಗಿದ್ದರೆ ‘ಡಿ’ ಮತ್ತು ‘ಪಿ’ ಅಕ್ಷರಗಳನ್ನು ಹೆಣೆದ ಗುರುತು ಇರುತ್ತದೆ. ಆದರೆ ಗುರುತಿಲ್ಲದ ಮಾತ್ರಕ್ಕೆ ಸೌಲಭ್ಯವಿಲ್ಲ ಎಂದು ತೀರ್ಮಾನಿಸುವಂತಿಲ್ಲ: 2020ರ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಯಾವ ಗುರುತೂ ಇಲ್ಲ, ಆದರೂ ಅದರ ಎರಡೂ ಪೋರ್ಟುಗಳಿಂದ ಚಿತ್ರ ಬರುತ್ತದೆ. ಲ್ಯಾಪ್‌ಟಾಪಿನ ತಳದಲ್ಲಿ ಅಂಟಿಸಿರುವ ಚೀಟಿಯಿಂದ ಮಾದರಿಯ ಪೂರ್ಣ ಸಂಖ್ಯೆಯನ್ನು ಬರೆದುಕೊಂಡು, ತಯಾರಕರ ಜಾಲತಾಣದಲ್ಲಿ ಅದೇ ಮಾದರಿಯ ವಿವರಗಳಲ್ಲಿ ಟೈಪ್-ಸಿ ಪೋರ್ಟಿನ ಜೊತೆ ‘ಡಿಸ್‌ಪ್ಲೇಪೋರ್ಟ್’ ಅಥವಾ ‘ಥಂಡರ್‌ಬೋಲ್ಟ್’ ಎಂಬ ಪದ ಇದೆಯೇ ಎಂದು ನೋಡುವುದೇ ನಂಬಬಹುದಾದ ದಾರಿ. ಅಂಗಡಿಯವರ ‘ಆಗುತ್ತೆ ಸರ್’ ಎಂಬ ಭರವಸೆಯನ್ನು ಇಲ್ಲಿ ನೆಚ್ಚಿಕೊಳ್ಳಬೇಡಿ.

ಸೌಲಭ್ಯ ಇಲ್ಲವೆಂದಾದರೆ ಎಷ್ಟೇ ಬೆಲೆಯ ಸಾಧಾರಣ ಕೇಬಲ್ ತಂದರೂ ಟಿವಿಯಲ್ಲಿ ‘ನೋ ಸಿಗ್ನಲ್’ ಎಂದೇ ಬರುತ್ತದೆ. ಆಗ ಉಳಿಯುವುದು ಪ್ರತ್ಯೇಕ ಚಿಪ್ ಮತ್ತು ಡ್ರೈವರ್ ತಂತ್ರಾಂಶದ ನೆರವಿನಿಂದ ಕೆಲಸ ಮಾಡುವ ಡಿಸ್‌ಪ್ಲೇಲಿಂಕ್ ಬಗೆಯ ಅಡಾಪ್ಟರ್, ಅಥವಾ ವೈ-ಫೈ ಮೂಲಕ ಪರದೆಯನ್ನು ಹಂಚಿಕೊಳ್ಳುವುದು. ಟಿವಿಯ ಹಿಂಬದಿಯ ಯುಎಸ್‌ಬಿ ಪೋರ್ಟಿಗೆ ಲ್ಯಾಪ್‌ಟಾಪನ್ನು ಜೋಡಿಸಿ ನೋಡುವವರೂ ಇದ್ದಾರೆ. ಆ ಪೋರ್ಟ್ ಪೆನ್‌ಡ್ರೈವ್‌ನಂಥವುಗಳಿಗೆ ಮೀಸಲಾದದ್ದು, ಅದರಲ್ಲಿ ಲ್ಯಾಪ್‌ಟಾಪಿನ ಪರದೆ ಮೂಡುವುದಿಲ್ಲ.

ಸೌಲಭ್ಯ ಇದೆ ಎಂದುಕೊಂಡು ಮುಂದುವರಿಯೋಣ. ಒಂದು ತುದಿಯಲ್ಲಿ ಟೈಪ್-ಸಿ, ಇನ್ನೊಂದು ತುದಿಯಲ್ಲಿ ಎಚ್‌ಡಿಎಂಐ ಇರುವ ಇಡೀ ಕೇಬಲ್ ಸಿಗುತ್ತದೆ. ಗೇಣುದ್ದದ ಅಡಾಪ್ಟರ್ ಮತ್ತು ಪ್ರತ್ಯೇಕ ಎಚ್‌ಡಿಎಂಐ ಕೇಬಲನ್ನು ಸೇರಿಸಿಯೂ ಬಳಸಬಹುದು. ನಾನು ಎರಡನೆಯದನ್ನೇ ಆರಿಸುತ್ತೇನೆ. ಎರಡರಲ್ಲಿ ಒಂದು ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು, ಲ್ಯಾಪ್‌ಟಾಪ್ ಬದಲಾದರೂ ಎಚ್‌ಡಿಎಂಐ ಕೇಬಲ್ ಉಪಯೋಗಕ್ಕೆ ಬರುತ್ತದೆ. ಅಡಾಪ್ಟರ್ ಕೊಳ್ಳುವಾಗ ಡಬ್ಬದ ಮೇಲೆ ‘4ಕೆ’ ಎಂದಿದ್ದರೆ ಸಾಲದು, ಅದರ ಪಕ್ಕದ ಸಂಖ್ಯೆಯನ್ನೂ ಓದಬೇಕು. ಕಡಿಮೆ ಬೆಲೆಯ ಅನೇಕ ಅಡಾಪ್ಟರುಗಳು 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿ ಮಾತ್ರ ಕಳುಹಿಸುತ್ತವೆ. ಸಿನಿಮಾಗಳು ಬಹುತೇಕ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಇರುವುದರಿಂದ ಅವುಗಳನ್ನು ನೋಡುವಾಗ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಮೌಸನ್ನು ಅಲುಗಾಡಿಸಿದ ಕೂಡಲೇ ಬಾಣದ ಗುರುತು ತಡವರಿಸುತ್ತಾ ಚಲಿಸುವುದು ಎದ್ದು ಕಾಣುತ್ತದೆ. ‘4ಕೆ 60 ಹರ್ಟ್ಸ್’ (ಅಂದರೆ ಸೆಕೆಂಡಿಗೆ 60 ಬಾರಿ) ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೇಳಿ.

ಇನ್ನು ಎಚ್‌ಡಿಎಂಐ ಕೇಬಲ್. 1.4, 2.0, 2.1 ಎಂಬ ಸಂಖ್ಯೆಗಳು ವಾಸ್ತವವಾಗಿ ಲ್ಯಾಪ್‌ಟಾಪ್, ಟಿವಿಯಂಥ ಉಪಕರಣಗಳ ಗುಣವನ್ನು ಸೂಚಿಸುತ್ತವೆ. ಕೇಬಲುಗಳಿಗೆ ಬೇರೆಯೇ ದರ್ಜೆಗಳಿವೆ: ಸೆಕೆಂಡಿಗೆ 10.2 ಗಿಗಾಬಿಟ್ ಸಾಗಿಸಬಲ್ಲ ‘ಹೈ ಸ್ಪೀಡ್’, 18 ಗಿಗಾಬಿಟ್‌ನ ‘ಪ್ರೀಮಿಯಂ ಹೈ ಸ್ಪೀಡ್’, 48 ಗಿಗಾಬಿಟ್‌ನ ‘ಅಲ್ಟ್ರಾ ಹೈ ಸ್ಪೀಡ್’. 4ಕೆ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಕಳುಹಿಸಲು ಸುಮಾರು 18 ಗಿಗಾಬಿಟ್ ಬೇಕಾಗುವುದರಿಂದ ನಿಮಗೆ ನಡುವಿನ ದರ್ಜೆ ಸಾಕು. ಸೆಕೆಂಡಿಗೆ 120 ಬಾರಿ ಚಿತ್ರ ಬದಲಿಸುವ ಟಿವಿ ಮತ್ತು ಗೇಮಿಂಗ್ ಲ್ಯಾಪ್‌ಟಾಪ್ ಎರಡೂ ಇದ್ದವರಿಗಷ್ಟೇ ಕೊನೆಯ ದರ್ಜೆಯ ಅಗತ್ಯ. ಚಿನ್ನದ ಲೇಪ ತುಕ್ಕನ್ನು ತಡೆಯಬಹುದು, ಚಿತ್ರದ ಅಂದವನ್ನು ಹೆಚ್ಚಿಸಲಾರದು. ಡಿಜಿಟಲ್ ಸಂಕೇತದಲ್ಲಿ ಬಣ್ಣ ಕಾಲು ಪಾಲು ಮಂಕಾಗುವುದೆಂಬುದಿಲ್ಲ. ಕೇಬಲ್ ಸೋತರೆ ಪರದೆಯ ಮೇಲೆ ಬಿಳಿ ಚುಕ್ಕೆಗಳು ಮಿನುಗುತ್ತವೆ, ಇಲ್ಲವೇ ಚಿತ್ರ ಆಗಾಗ ಪೂರ್ತಿ ಮಾಯವಾಗುತ್ತದೆ. ಆದ್ದರಿಂದ ಎರಡು ಸಾವಿರದ ಕೇಬಲನ್ನು ಬಿಟ್ಟುಬಿಡಿ. ಇನ್ನೂರರದ್ದನ್ನು ದರ್ಜೆಯ ಹೆಸರು ಮತ್ತು ದೃಢೀಕರಣದ ಚೀಟಿ ಇದ್ದರೆ ಮಾತ್ರ ಪರಿಗಣಿಸಿ.

ಉದ್ದದ ವಿಷಯದಲ್ಲಿ ಹತ್ತು ಅಡಿ ಎಂದರೆ ಮೂರು ಮೀಟರ್. ಆದರೆ ಕೇಬಲ್ ಗೋಡೆಯ ಅಂಚು ಹಿಡಿದು ಬಳಸಿ ಬರುವುದಾದರೆ ಹಗ್ಗದಿಂದ ಅಳೆದು ನೋಡಿ. ಅದು ಐದು ಮೀಟರ್ ಆಗಿದ್ದರೂ ಆಶ್ಚರ್ಯವಿಲ್ಲ. ಅದಕ್ಕಿಂತ ಉದ್ದವಾದರೆ ಸಾಮಾನ್ಯ ತಾಮ್ರದ ಕೇಬಲಿನಲ್ಲಿ 18 ಗಿಗಾಬಿಟ್ ಕಾಯ್ದುಕೊಳ್ಳುವುದು ಕಷ್ಟವಾಗುತ್ತದೆ, ಆಗ ಬೆಳಕಿನ ಮೂಲಕ ಸಂಕೇತ ಸಾಗಿಸುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಬೇಕಾಗುತ್ತದೆ. ಅದರ ಎರಡು ತುದಿಗಳು ಅದಲುಬದಲಾಗುವಂತಿಲ್ಲ, ಯಾವ ತುದಿ ಟಿವಿಗೆ ಎಂದು ಅದರ ಮೇಲೆಯೇ ಬರೆದಿರುತ್ತದೆ. ನಿಮ್ಮ ಟಿವಿ ಗೋಡೆಗೆ ಒತ್ತಿಕೊಂಡಂತೆ ನೇತುಹಾಕಿದ್ದರೆ ಕೇಬಲಿನ ತಲೆಗೆ ಹಿಂದೆ ಜಾಗವಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಎಲ್ಲವನ್ನೂ ಜೋಡಿಸಿದ ಬಳಿಕ ವಿಂಡೋಸ್ ಲ್ಯಾಪ್‌ಟಾಪ್ ಆಗಿದ್ದರೆ ವಿಂಡೋಸ್ ಕೀಲಿಯೊಡನೆ ‘ಪಿ’ ಒತ್ತಿ ‘ಡುಪ್ಲಿಕೇಟ್’ ಆರಿಸಿ. ಧ್ವನಿ ಲ್ಯಾಪ್‌ಟಾಪಿನಿಂದಲೇ ಬರುತ್ತಿದ್ದರೆ ಸ್ಪೀಕರ್ ಗುರುತನ್ನು ಒತ್ತಿ ಟಿವಿಯ ಹೆಸರನ್ನು ಆರಿಸಬೇಕು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 4ಕೆಗೆ 30 ಹರ್ಟ್ಸ್ ಮಾತ್ರ ಕಾಣಿಸಿದರೆ ಮೊದಲು ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಆ ಎಚ್‌ಡಿಎಂಐ ಪೋರ್ಟಿನ ಸಂಕೇತದ ಆಯ್ಕೆ ‘ಸ್ಟ್ಯಾಂಡರ್ಡ್’ ಎಂದಿದೆಯೇ ಎಂದು ನೋಡಿ ಅದನ್ನು ‘ಎನ್‌ಹ್ಯಾನ್ಸ್ಡ್’ ಮಾಡಿ, ಆಗಲೂ ಸರಿಹೋಗದಿದ್ದರೆ ಅಡಾಪ್ಟರನ್ನು ಅನುಮಾನಿಸಿ, ಕೇಬಲನ್ನು ಬದಲಿಸುವ ಯೋಚನೆ ಅದಾದ ಮೇಲೆ ಬರಲಿ.