ಟ್ರೀ ಸ್ಯಾಡಲ್ ಹೊಂದಿಸಿಕೊಳ್ಳುವುದು: ಸೊಂಟದ ನೋವು, ಹಗ್ಗದ ಬಿಗಿ

ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಅಲ್ಲಿ ರಾಜ್ಯದ ಲೈಸೆನ್ಸ್ ಪಡೆದು, ಸೀಸನ್‌ನಲ್ಲಿ ಮಾತ್ರ ಬೇಟೆಯಾಡಬಹುದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ, ಅದು ನೆನಪಿರಲಿ.

ಸ್ಯಾಡಲ್ ಅಂದರೆ ಮರದ ಮೇಲೆ ಹಗ್ಗಕ್ಕೆ ನೇತಾಡುತ್ತಾ ಜಿಂಕೆಗೆ ಕಾಯಲು, ಸೊಂಟ, ತೊಡೆಗಳನ್ನು ಹೊತ್ತುಕೊಳ್ಳುವ ಬಟ್ಟೆಯ ಆಸನ. ಅದರ ಎಡ-ಬಲದ ಕುಣಿಕೆಗಳನ್ನು ಸೇರಿಸುವ ಹಗ್ಗ ಬ್ರಿಡ್ಜ್. ಮರಕ್ಕೆ ಸುತ್ತಿದ ಹಗ್ಗ ಟೆದರ್. ಇವೆರಡನ್ನೂ ಕೂಡಿಸುವುದು ಒಂದು ಕ್ಯಾರಬಿನರ್, ಅಂದರೆ ತೆರೆದು ಮುಚ್ಚುವ ಲೋಹದ ಕೊಂಡಿ. ಕಾಲಿಗೆ ಸಣ್ಣ ಪ್ಲಾಟ್‌ಫಾರ್ಮ್ ಇರುತ್ತದೆ. ಮುಖ ಮರದ ಕಡೆಗೆ.

ಹೊಸಬರ ಮೊದಲ ದೂರು ಸೊಂಟದ ನೋವು. ಎರಡೂ ಕಡೆ ಇಕ್ಕಳ ಹಾಕಿ ಹಿಡಿದ ಹಾಗೆ ಅನ್ನಿಸುತ್ತದೆ. ಬಹಳ ಜನ ಬೆಲ್ಟ್ ಸಡಿಲ ಮಾಡಿ ನೋಡುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಬ್ರಿಡ್ಜ್‌ನ ಉದ್ದ. ಲೆಕ್ಕ ಹಾಕೋಣ. 80 ಕೆಜಿ ಭಾರ ಪೂರ್ತಿ ಬ್ರಿಡ್ಜ್ ಮೇಲಿದೆ ಅಂದುಕೊಳ್ಳಿ. ಬ್ರಿಡ್ಜ್ ಚಿಕ್ಕದಾಗಿ, ಕ್ಯಾರಬಿನರ್ ಹತ್ತಿರ ಹಗ್ಗದ ಕೋನ 120 ಡಿಗ್ರಿ ಆದರೆ, ಪ್ರತಿ ಕುಣಿಕೆಯನ್ನೂ ಒಳಕ್ಕೆ ಎಳೆಯುವ ಬಲ ಸುಮಾರು 69 ಕೆಜಿ ತೂಕದಷ್ಟು. ಬ್ರಿಡ್ಜ್ ಉದ್ದ ಮಾಡಿ ಕೋನವನ್ನು 60 ಡಿಗ್ರಿಗೆ ತಂದರೆ ಅದೇ ಬಲ ಸುಮಾರು 23ಕ್ಕೆ ಇಳಿಯುತ್ತದೆ. ಎಷ್ಟು ವ್ಯತ್ಯಾಸ ಅಲ್ವಾ? ಕಾಲೂ ಸ್ವಲ್ಪ ಭಾರ ಹೊರುವುದರಿಂದ ನಿಜವಾದ ಅಂಕಿ ಇನ್ನೂ ಕಡಿಮೆ, ಆದರೆ ಅನುಪಾತ ಇದೇ. ಹಾಗಂತ ತುಂಬಾ ಉದ್ದ ಬಿಡಬೇಡಿ. ಕ್ಯಾರಬಿನರ್ ಯಾವಾಗಲೂ ಕೈಗೆಟುಕಬೇಕು.

ಆಮೇಲೆ ಆಸನದ ಜಾಗ. ಒರಗಿ ನಿಲ್ಲುವಾಗ ಅದು ಪೃಷ್ಠದ ಕೆಳಗೆ ಸರಿಯಾಗಿ ಕೂರಲಿ. ಕುಳಿತುಕೊಳ್ಳುವಾಗ ಕೆಳ ಅಂಚನ್ನು ತೊಡೆಯ ಕಡೆಗೆ ಸ್ವಲ್ಪ ಎಳೆದುಕೊಳ್ಳಿ. ಮಂಡಿ ಮರಕ್ಕೆ ತಾಗುತ್ತದೆ, ಹಾಗಾಗಿ ಮಂಡಿಗೆ ಪ್ಯಾಡ್ ಬೇಕೇ ಬೇಕು.

ಟೆದರನ್ನು ಮೊದಲು ಹಣೆಯ ಮಟ್ಟದಲ್ಲಿ ಕಟ್ಟಿ. ಮೇಲಕ್ಕೆ ಸರಿಸಿದರೆ ಹೆಚ್ಚು ಭಾರ ಸ್ಯಾಡಲ್‌ಗೆ ಹೋಗುತ್ತದೆ, ಕಾಲು ಹಗುರಾಗುತ್ತದೆ. ಕೆಳಕ್ಕೆ ಸರಿಸಿದರೆ ಕಾಲಿನ ಮೇಲೆ ಒತ್ತಡ ಜಾಸ್ತಿ. ಒಂದೊಂದು ಗೇಣು ಸರಿಸಿ, ಸ್ವಲ್ಪ ಹೊತ್ತು ಕೂತು ನೋಡಿ. ಎದೆಗಿಂತ ಕೆಳಗೆ ಮಾತ್ರ ಬೇಡ. ಸ್ಯಾಡಲ್ ನಂಬಿರುವುದೇ ಹಗ್ಗದ ಬಿಗಿಯನ್ನು. ಟೆದರ್ ಹೆಚ್ಚು ಹಿಗ್ಗದ ಹಗ್ಗ, ಸಡಿಲವಿದ್ದಾಗ ಕಾಲು ಜಾರಿದರೆ ಎರಡೇ ಅಡಿ ಬಿದ್ದರೂ ಜೋರಾದ ಏಟು. ಅದಕ್ಕೇ ನೋವಿನ ವಿಷಯವನ್ನು ನಾನು ಸುರಕ್ಷತೆಯ ವಿಷಯ ಅಂತಲೇ ಹೇಳುವುದು: ಸೊಂಟ ನೊಂದವರು ಪದೇ ಪದೇ ನೆಟ್ಟಗೆ ನಿಲ್ಲುತ್ತಾರೆ, ಆಗಲೇ ಹಗ್ಗ ಸಡಿಲಾಗುವುದು.

ಮರ ಸುತ್ತುವಾಗಲೂ ಇದೇ ನಿಯಮ. ಭಾರ ಹಗ್ಗದ ಮೇಲಿರಲಿ, ಪಾದವನ್ನು ಸ್ವಲ್ಪ ಸ್ವಲ್ಪವೇ ಸರಿಸಿ. ಬಲಗೈಯಲ್ಲಿ ದಾರ ಎಳೆಯುವವರಿಗೆ ಎಡಕ್ಕೆ ಬಾಣ ಬಿಡುವುದು ಸುಲಭ. ಬಲಕ್ಕೆ ಜಿಂಕೆ ಬಂದರೆ ಮೈ ತಿರುಗಿಸಿ, ಬಿಲ್ಲನ್ನು ಟೆದರ್‌ನಿಂದಾಚೆ ದಾಟಿಸಬೇಕು. ಈ ಒಂದು ಚಲನೆಯನ್ನು ಮನೆಯಲ್ಲೇ, ಪ್ಲಾಟ್‌ಫಾರ್ಮನ್ನು ನೆಲದಿಂದ ಒಂದಡಿ ಎತ್ತರಕ್ಕೆ ಕಟ್ಟಿ, ಬಾಣವಿಲ್ಲದೆ ಚೆನ್ನಾಗಿ ಅಭ್ಯಾಸ ಮಾಡಿ. ಚಳಿಗಾಲದ ದಪ್ಪ ಜಾಕೆಟ್ ಹಾಕಿಕೊಂಡೇ ಮಾಡಿ, ಬಟ್ಟೆ ಬದಲಾದರೆ ಅಳತೆಯೂ ಬದಲಾಗುತ್ತದೆ.

ಹತ್ತುವಾಗ, ಇಳಿಯುವಾಗ ಲೈನ್‌ಮನ್ ಬೆಲ್ಟ್ (ಸ್ಯಾಡಲ್‌ನ ಎರಡೂ ಬದಿಗೆ ಸಿಕ್ಕಿಸುವ ಹಗ್ಗ) ಮರವನ್ನು ಸುತ್ತಿರಲಿ. ಮೇಲೆ ಟೆದರ್ ಕಟ್ಟಿ, ಕ್ಯಾರಬಿನರ್ ಲಾಕ್ ಆಗಿದೆಯೇ ನೋಡಿ, ಪ್ರೂಸಿಕ್ ಗಂಟು (ಟೆದರ್ ಮೇಲೆ ಸರಿಸಬಹುದಾದ, ಭಾರ ಬಿದ್ದರೆ ಹಿಡಿದುಕೊಳ್ಳುವ ಗಂಟು) ಬಿಗಿದು, ಟೆದರ್ ಮೇಲೆ ನಿಧಾನವಾಗಿ ಭಾರ ಹಾಕಿ. ಹಿಡಿದಿದೆ ಅಂತ ಖಾತ್ರಿಯಾದ ಮೇಲೆಯೇ ಬೆಲ್ಟ್ ಬಿಚ್ಚಿ. ಬಿಲ್ಲನ್ನು ಹೆಗಲಲ್ಲಿ ಹೊತ್ತು ಹತ್ತಬೇಡಿ, ಕೆಳಗೇ ಅದಕ್ಕೆ ದಾರ ಕಟ್ಟಿಟ್ಟು, ಹತ್ತಿ ಕೂತ ಮೇಲೆ ಎಳೆದುಕೊಳ್ಳಿ. ಫೋನ್ ಮಾತ್ರ ನೇತಾಡುವಾಗಲೂ ಕೈಗೆ ಸಿಗುವ ಜೇಬಲ್ಲಿರಲಿ.