ವರ್ಷಕ್ಕೆ ಮೂರು ಕಾದಂಬರಿ ಬರೆಯುವವರು ಯಾವಾಗ ಮಲಗುತ್ತಾರೆ?

ಪ್ರಶ್ನೆ: ಪುಸ್ತಕಗಳನ್ನು ತಾವೇ ಪ್ರಕಟಿಸಿಕೊಳ್ಳುವ ಕೆಲವು ಲೇಖಕರು ವರ್ಷಕ್ಕೆ ಮೂರು, ನಾಲ್ಕು ಕಾದಂಬರಿ ತರುತ್ತಾರೆ. ನನಗೆ ಒಂದನ್ನು ಮುಗಿಸಲು ಐದು ವರ್ಷ ಹಿಡಿಯಿತು. ಅವರಿಗೆ ಇದು ಹೇಗೆ ಸಾಧ್ಯ? ಅಷ್ಟು ಬೇಗ ಬರೆದದ್ದು ಚೆನ್ನಾಗಿರುತ್ತದೆಯೇ?

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ದಿನಕ್ಕೆ 1,000 ಪದ. ವಾರಕ್ಕೆ 5 ದಿನ. ವರ್ಷದಲ್ಲಿ ಎರಡು ವಾರ ರಜೆ. ಒಟ್ಟು 2,50,000 ಪದ ಆಯಿತು. ಒಂದು ಕಾದಂಬರಿಗೆ 80,000 ಪದ ಅಂದುಕೊಂಡರೆ ಮೂರು ಕರಡು ಮುಗಿದು ಇನ್ನೂ ಸ್ವಲ್ಪ ಮಿಗುತ್ತದೆ. ರೂಢಿಯಾದವರಿಗೆ ಸಾವಿರ ಪದ ಅಂದರೆ ಒಂದೂವರೆ, ಎರಡು ಗಂಟೆಯ ಕೆಲಸ. ಅಂದರೆ ಅವರ ಕೈ ನಿಮ್ಮ ಕೈಗಿಂತ ಚುರುಕು ಅಂತೇನಿಲ್ಲ. ಅವರು ನಡುವೆ ಬಿಡುವುದಿಲ್ಲ, ಅಷ್ಟೆ. ನಿಮ್ಮ ಐದು ವರ್ಷದಲ್ಲಿ ನಿಜವಾಗಿ ಕೂತು ಬರೆದ ದಿನಗಳೆಷ್ಟು ಅಂತ ಎಣಿಸಿ ನೋಡಿ. ನನ್ನ ಮೊದಲ ಕಾದಂಬರಿಗೆ ನಾನು ಎಣಿಸಿದ್ದೆ. ನಾಲ್ಕು ವರ್ಷದಲ್ಲಿ ನೂರಾ ಹತ್ತು ದಿನ. ಮಿಕ್ಕಿದ್ದೆಲ್ಲ 'ನಾಳೆ ಕೂರೋಣ'.

ಇದು ಹೊಸ ವಿದ್ಯೆಯಲ್ಲ. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ವರ್ಷಗಟ್ಟಲೆ ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ಬರೆದವರು. ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಹಾಜರು. ಕಾಫಿ ತಂದು ಎಬ್ಬಿಸುವುದಕ್ಕೆ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದರು. ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಹೀಗೆ ಬರೆದದ್ದು ಒಟ್ಟು 47 ಕಾದಂಬರಿ. ಅವರು ತೀರಿಕೊಂಡ ಮೇಲೆ 1883ರಲ್ಲಿ ಆತ್ಮಕಥೆ ಬಂತು. ಗಡಿಯಾರದ ಸಂಗತಿ ಓದಿ ಹಲವರು ಮೂಗು ಮುರಿದರು. ಅಲ್ಲಿಯವರೆಗೆ ಕಾದಂಬರಿ ಓದುವಾಗ ಯಾರಿಗೂ ಗಡಿಯಾರ ಕಂಡಿರಲಿಲ್ಲ ಅನ್ನುವುದು ಬೇರೆ ಮಾತು!

ಟ್ರಾಲಪ್ ಬಗ್ಗೆ ಹೇಳುವವರು ಸಾಮಾನ್ಯವಾಗಿ ಒಂದು ವಿಷಯ ಬಿಟ್ಟುಬಿಡುತ್ತಾರೆ. ದಿನದ ಮೂರು ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದಕ್ಕೇ ಮೀಸಲಾಗಿತ್ತು. ನನ್ನ ಪ್ರಕಾರ ಗುಟ್ಟಿರುವುದು ಇಲ್ಲಿ. ನಿನ್ನೆಯ ಧಾಟಿ ಕಿವಿಗೆ ಬಿದ್ದರೆ ಕಥೆ ತಾನಾಗಿ ಮುಂದಕ್ಕೆ ಹೋಗುತ್ತದೆ. ಎರಡು ವಾರ ಬಿಟ್ಟು ಕೂತರೆ? ಮೊದಲ ಪುಟದಿಂದ ಓದಬೇಕು. ಓದುತ್ತಾ ತಿದ್ದಬೇಕು ಅನ್ನಿಸುತ್ತದೆ. ತಿದ್ದುತ್ತಾ ತಿದ್ದುತ್ತಾ ಆ ದಿನ ಮುಗಿದೇ ಹೋಗುತ್ತದೆ. ಮೊದಲ ಅಧ್ಯಾಯ ಮಾತ್ರ ಫಳಫಳ ಹೊಳೆಯುವ, ಹನ್ನೆರಡನೆಯದು ಇನ್ನೂ ಹುಟ್ಟದ ಕಾದಂಬರಿಗಳು ಹೀಗೆ ತಯಾರಾಗುತ್ತವೆ.

ಇನ್ನೊಂದು ಕಾರಣ ಸರಣಿ. ಹೆಚ್ಚು ಬರೆಯುವವರಲ್ಲಿ ಬಹಳಷ್ಟು ಜನ ಒಂದೇ ಊರು, ಅದೇ ಪಾತ್ರಗಳನ್ನು ಇಟ್ಟುಕೊಂಡು ಐದಾರು ಪುಸ್ತಕ ಬರೆಯುತ್ತಾರೆ. ಊರಿನ ನಕ್ಷೆ, ಮನೆತನ, ಯಾರಿಗೆ ಯಾರ ಮೇಲೆ ಸಿಟ್ಟು, ಎಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಆದರೆ ಅದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಸಾಲದು. ನನ್ನ ಸರಣಿಯ ಎರಡನೇ ಪುಸ್ತಕದಲ್ಲಿ ಸತ್ತ ನಾಯಿ ನಾಲ್ಕನೆಯದರಲ್ಲಿ ಬಾಗಿಲಲ್ಲಿ ನಿಂತು ಬೊಗಳಿತ್ತು. ಓದುಗರೊಬ್ಬರು ಪತ್ರ ಬರೆದು 'ಕ್ಷೇಮವೇ?' ಅಂತ ವಿಚಾರಿಸಿದ್ದರು. ನಾಯಿಯನ್ನು! ಅಂದಿನಿಂದ ಒಂದು ಕಡತ ಇಟ್ಟಿದ್ದೇನೆ. ವಯಸ್ಸು, ಕಣ್ಣಿನ ಬಣ್ಣ, ಗಾಯದ ಗುರುತು, ಯಾರು ಯಾವ ಪುಸ್ತಕದಲ್ಲಿ ಸತ್ತರು, ಎಲ್ಲವೂ ಅದರಲ್ಲಿದೆ.

ಸರಣಿಗೆ ದುಡ್ಡಿನ ಲೆಕ್ಕವೂ ಇದೆ. ಮೊದಲ ಪುಸ್ತಕ ಓದಿದ ನೂರು ಜನರಲ್ಲಿ ಐವತ್ತು ಮಂದಿ ಎರಡನೆಯದಕ್ಕೆ, ನಲವತ್ತು ಮಂದಿ ಮೂರನೆಯದಕ್ಕೆ ಬಂದರು ಅಂತಿಟ್ಟುಕೊಳ್ಳಿ. ಆಗ ಮೊದಲ ಪುಸ್ತಕಕ್ಕೆ ಕೊಟ್ಟ ಜಾಹೀರಾತು ಮೂರನ್ನೂ ಮಾರುತ್ತದೆ. ಒಂದೇ ಪುಸ್ತಕ ಇರುವವರಿಗೆ ಈ ಅನುಕೂಲ ಇಲ್ಲ. ಇ-ಪುಸ್ತಕದ ವ್ಯವಸ್ಥೆಯೂ ಇದಕ್ಕೆ ಗಾಳಿ ಹಾಕುತ್ತದೆ. ಅಮೆಜಾನ್ 2014ರಲ್ಲಿ ತಂದ ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ ಓದುಗರು ತಿಂಗಳ ಚಂದಾ ಕಟ್ಟಿ ಓದುತ್ತಾರೆ. 2015ರ ಜುಲೈಯಿಂದ ಅಲ್ಲಿ ಲೇಖಕರಿಗೆ ದುಡ್ಡು ಬರುವುದು ಓದಿದ ಪುಟಗಳ ಲೆಕ್ಕದಲ್ಲಿ. ಅಲ್ಲಿಗೆ ಸೇರಿಸಿದ ಇ-ಪುಸ್ತಕವನ್ನು 90 ದಿನ ಬೇರೆಲ್ಲೂ ಮಾರುವ ಹಾಗಿಲ್ಲ. ಹಾಗಾಗಿ ಸೇರಿಸುವ ಮುಂಚೆ ಸ್ವಲ್ಪ ಯೋಚಿಸಿ.

ಹೆಚ್ಚು ಹೆಚ್ಚು ಪುಸ್ತಕ ತರುವ ಈ ಆಸೆ ಎಲ್ಲಿಗೆ ಹೋಯಿತು ಅಂದರೆ, 2023ರಲ್ಲಿ ಅಮೆಜಾನ್ ಒಬ್ಬ ಲೇಖಕರು ತಾವೇ ಪ್ರಕಟಿಸುವ ಹೊಸ ಪುಸ್ತಕಗಳಿಗೆ ಮಿತಿ ಹಾಕಬೇಕಾಯಿತು. ಎಷ್ಟು ಗೊತ್ತಾ? ದಿನಕ್ಕೆ ಮೂರು. ನಾವಿಲ್ಲಿ ವರ್ಷಕ್ಕೆ ಮೂರರ ಬಗ್ಗೆ ತಲೆ ಕೆಡಿಸಿಕೊಂಡಿದ್ದೇವೆ!

ಹೊರಗಿನಿಂದ ವೇಗದ ಹಾಗೆ ಕಾಣುವುದರಲ್ಲಿ ಒಂದಷ್ಟು ಬರೀ ಸರದಿಯ ಏರ್ಪಾಡು. ಒಂದು ಪುಸ್ತಕ ಸಂಪಾದಕರ ಬಳಿ ಇದ್ದಾಗ ಲೇಖಕರು ಮುಂದಿನದರ ಕರಡಿನಲ್ಲಿ ಇರುತ್ತಾರೆ. ಇನ್ನೊಂದರ ಮುಖಪುಟ ತಯಾರಾಗುತ್ತಿರುತ್ತದೆ. ಪ್ರಕಾಶಕರ ಮೂಲಕ ಹೋದರೆ ಒಪ್ಪಂದವಾದ ಮೇಲೂ ಪುಸ್ತಕ ಬರಲು ವರ್ಷ ಹಿಡಿಯಬಹುದು. ಇಲ್ಲಿ ಆ ಕಾಯುವಿಕೆ ಇಲ್ಲ. ಬದಲಿಗೆ ಖರ್ಚು ನಿಮ್ಮ ತಲೆಯ ಮೇಲೆ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ 'ಎ ಕ್ರಿಸ್ಮಸ್ ಕೆರೋಲ್' ಅನ್ನು ತಮ್ಮದೇ ಖರ್ಚಿನಲ್ಲಿ ತಂದರು. ಬಣ್ಣದ ಚಿತ್ರ, ಚಿನ್ನದ ಅಂಚು, ಒಳ್ಳೆಯ ರಟ್ಟು. ಮೊದಲ 6,000 ಪ್ರತಿ ಕೆಲವೇ ದಿನಗಳಲ್ಲಿ ಖರ್ಚಾದವು. ಆದರೂ ಲಾಭ ಅವರು ಅಂದುಕೊಂಡಿದ್ದರ ಹತ್ತಿರಕ್ಕೂ ಬರಲಿಲ್ಲ. ತಯಾರಿಕೆಯೇ ನುಂಗಿಹಾಕಿತ್ತು. ಅಂಥ ಡಿಕನ್ಸ್‌ಗೇ ಹಾಗಾಯಿತಲ್ಲ!

ಇನ್ನು ಗುಣಮಟ್ಟ. ಬೇಗ ಬರೆದ ಕರಡು ಕೆಟ್ಟದ್ದೇ ಆಗಬೇಕಿಲ್ಲ. ಒಂದೇ ಉಸಿರಿನಲ್ಲಿ ಬರೆದದ್ದರಲ್ಲಿ ಓಟ ಚೆನ್ನಾಗಿರುವುದೂ ಉಂಟು. ಅವಸರ ಕೆಡಿಸುವುದು ಕರಡನ್ನಲ್ಲ, ಆಮೇಲಿನ ಕೆಲಸವನ್ನು. ಕರಡನ್ನು ಮೂರು ವಾರ ಎತ್ತಿಡದೆ, ಇನ್ನೊಬ್ಬರ ಕಣ್ಣಿಗೆ ಬೀಳಿಸದೆ ಹೊರಬಿಟ್ಟ ಪುಸ್ತಕ ಗೊತ್ತಾಗಿಬಿಡುತ್ತದೆ. ಎಲ್ಲ ಪಾತ್ರಗಳೂ 'ನಿಟ್ಟುಸಿರು ಬಿಟ್ಟು' ಮಾತಾಡುತ್ತವೆ. ಕೊನೆಯ ಮೂರು ಅಧ್ಯಾಯ ಬಸ್ ತಪ್ಪಿಹೋಗುತ್ತದೆ ಅನ್ನುವ ಹಾಗೆ ಓಡುತ್ತವೆ. ವರ್ಷಕ್ಕೆ ನಾಲ್ಕು ತಂದ ವರ್ಷ ನಾನೂ ಅಂಥದ್ದೊಂದು ಬರೆದೆ. ಜೊತೆಗೆ ಮಣಿಕಟ್ಟು ನೋವು ಬಂತು. ಈಗ ವರ್ಷಕ್ಕೆ ಎರಡು.

ನಿಮ್ಮ ಐದು ವರ್ಷದ ಕಾದಂಬರಿ ಕೈಯಲ್ಲಿದೆ ಅಲ್ವಾ? ಅದನ್ನು ಈಗಲೇ ಹೊರಬಿಡಬೇಡಿ. ಅದರಲ್ಲಿ ಬದುಕುಳಿದ ಪಾತ್ರಗಳಲ್ಲಿ ಒಂದನ್ನು ಆರಿಸಿಕೊಂಡು ಎರಡನೆಯದನ್ನು ಶುರು ಮಾಡಿ. ದಿನಕ್ಕೆ 500 ಪದ ಸಾಕು. ಮೊದಲನೆಯದು ಅಷ್ಟರಲ್ಲಿ ಸಂಪಾದಕರ ಬಳಿ ಇರಲಿ.